ಸ್ಟಾಫ್ ರೂಮಿಗೆ ಎಲ್ಲವೂ ಗೊತ್ತಿತ್ತು



ನೇತಾಜಿ ಸುಭಾಷ್‌ಚಂದ್ರ ಬೋಸರನ್ನು ಕಾಲೇಜಿನಿಂದ ಹೊರಗೆ ಹಾಕಿದ ಕಥೆ ನಿಮಗೆಲ್ಲ ಗೊತ್ತಿರುತ್ತದೆ. ಸೊಕ್ಕಿನ ಇಂಗ್ಲಿಷ್ ಪ್ರೊಫೆಸರನಿಗೆ ವಿದ್ಯಾರ್ಥಿಗಳು ಬುದ್ಧಿ ಕಲಿಸಿದರು, ಸುಭಾಷರು ಅದಕ್ಕೆ ಮುಂದಾಳಾಗಿದ್ದರು ಎಂದು ಭಾಷಣ ಸ್ಪರ್ಧೆಗಳಲ್ಲಿ ಮಕ್ಕಳು ಕೈ ಎತ್ತಿ ಹೇಳುವುದನ್ನು ಕೇಳಿ ಚಪ್ಪಾಳೆ ತಟ್ಟಿದ್ದೇವೆ. ಆದರೆ ಸುಭಾಷರು 1937ರಲ್ಲಿ ಬರೆಯಲು ಹಿಡಿದು ಅರ್ಧಕ್ಕೇ ಬಿಟ್ಟ ಆತ್ಮಕಥೆಯಲ್ಲಿ ಇದೇ ಪ್ರಸಂಗವನ್ನು ಓದಿದರೆ ಅದರ ರುಚಿಯೇ ಬೇರೆ. ಅಲ್ಲಿ ಹೊಡೆದಾಟಕ್ಕೆ ಸಿಕ್ಕಿರುವುದು ಸ್ವಲ್ಪವೇ ಜಾಗ. ಮಿಕ್ಕಿದ್ದೆಲ್ಲ ದೂರು, ಮಾತುಕತೆ, ಜುಲ್ಮಾನೆ, ರಾಜಿ. ಒಬ್ಬ ಮೇಷ್ಟ್ರು ಹುಡುಗರ ಮೈ ಮುಟ್ಟಿದಾಗ ಅವರ ಜೊತೆಯಲ್ಲೇ ಕೆಲಸ ಮಾಡುವವರು ಏನು ಹೇಳಿದರು, ಏನು ಹೇಳಲಿಲ್ಲ ಎಂಬುದು ಅಲ್ಲಿ ಸಾಲು ಸಾಲಾಗಿ ಸಿಗುತ್ತದೆ. ನನಗೆ ಈಗ ಕುತೂಹಲ ಇರುವುದು ಅದರಲ್ಲೇ.

ಜಾಗ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು, ಕಾಲ 1916ರ ಜನವರಿ. ಸುಭಾಷರು ಬಿ.ಎ. ತರಗತಿಯಲ್ಲಿದ್ದರು, ತಮ್ಮ ವರ್ಗದ ಪ್ರತಿನಿಧಿಯೂ ಹೌದು. ಒಂದು ಬೆಳಿಗ್ಗೆ ಅವರು ಲೈಬ್ರರಿಯಲ್ಲಿ ಕೂತಿದ್ದಾಗ ಸುದ್ದಿ ಬಂತು. ಚರಿತ್ರೆಯ ಪ್ರೊಫೆಸರ್ ಎಡ್ವರ್ಡ್ ಫಾರ್ಲಿ ಓಟನ್ ಅವರು ಪಾಠ ಮಾಡುತ್ತಿದ್ದ ಕೋಣೆಯ ಹೊರಗೆ, ವರಾಂಡದಲ್ಲಿ, ಸುಭಾಷರ ವರ್ಗದ ಕೆಲವು ಹುಡುಗರು ಹಾದುಹೋಗುತ್ತಿದ್ದರು. ಗದ್ದಲವಾಯಿತೆಂದು ಓಟನ್ ಸಿಟ್ಟಿನಿಂದ ಹೊರಗೆ ಬಂದು ಮುಂದಿದ್ದ ಹುಡುಗರನ್ನು ಹಿಡಿದು ನೂಕಿಬಿಟ್ಟರು. ಇಷ್ಟೇ ಪ್ರಸಂಗ. ಇವತ್ತಿನ ಲೆಕ್ಕದಲ್ಲಿ ಸಣ್ಣದು ಎನ್ನಬಹುದು. ಬೆತ್ತವಿಲ್ಲ, ರಕ್ತವಿಲ್ಲ.

ಸುಭಾಷರು ಪ್ರತಿನಿಧಿಯಾಗಿ ನೇರವಾಗಿ ಪ್ರಿನ್ಸಿಪಾಲ್ ಹೆನ್ರಿ ಜೇಮ್ಸ್ ಅವರ ಹತ್ತಿರ ಹೋದರು. ಹುಡುಗರ ಬೇಡಿಕೆ ಒಂದೇ: ಓಟನ್ ಸಾಹೇಬರು ಕ್ಷಮೆ ಕೇಳಬೇಕು. ಪ್ರಿನ್ಸಿಪಾಲರು ಎರಡು ಉತ್ತರ ಕೊಟ್ಟರು. ಮೊದಲನೆಯದು, ಓಟನ್ ಅವರು ಇಂಡಿಯನ್ ಎಜುಕೇಶನ್ ಸರ್ವಿಸಿಗೆ ಸೇರಿದವರು, ಅವರನ್ನು ಬಲವಂತಪಡಿಸಲು ತಮ್ಮಿಂದಾಗದು. ಎರಡನೆಯದು, ಓಟನ್ ಅವರು ಹುಡುಗರಿಗೆ ಏನೂ ಮಾಡಿಲ್ಲ, ಬರೀ ತೋಳು ಹಿಡಿದರು, ಅದರಲ್ಲಿ ಅವಮಾನವೇನು ಬಂತು?

ಈ ಎರಡು ಉತ್ತರಗಳನ್ನು ಒಂದು ಕ್ಷಣ ಹಿಡಿದು ನೋಡಿ. ಒಂದು ಹೇಳುತ್ತದೆ, ನಡೆದದ್ದು ತಪ್ಪೇ ಇರಬಹುದು, ಆದರೆ ನನ್ನ ಕೈಯಲ್ಲಿಲ್ಲ. ಇನ್ನೊಂದು ಹೇಳುತ್ತದೆ, ತಪ್ಪೇ ನಡೆದಿಲ್ಲ. ಎರಡೂ ಒಟ್ಟಿಗೆ ನಿಜವಾಗಿರಬೇಕಾದ ಅಗತ್ಯವೇ ಇಲ್ಲ. ಆದರೆ ಯಾವ ಊರಿನ ಯಾವ ಶಾಲೆಗೆ ದೂರು ಹಿಡಿದುಕೊಂಡು ಹೋದ ತಂದೆತಾಯಿಯನ್ನು ಕೇಳಿ, ಈ ಎರಡೂ ಉತ್ತರಗಳು ಒಂದೇ ಉಸಿರಿನಲ್ಲಿ ಬಂದವು ಎನ್ನುತ್ತಾರೆ. ನೂರು ವರ್ಷವಾದರೂ ಮಾತು ಬದಲಾಗಿಲ್ಲ.

ಮಾರನೆಯ ದಿನ ಮುಷ್ಕರ. ಪ್ರೆಸಿಡೆನ್ಸಿಯಂಥ ಸರ್ಕಾರಿ ಕಾಲೇಜಿನಲ್ಲಿ ಹುಡುಗರು ಒಟ್ಟಾಗಿ ತರಗತಿಗೆ ಹೋಗದೆ ನಿಂತರು ಎನ್ನುವುದೇ ಆಗ ಊರೆಲ್ಲ ಮಾತಾಡುವ ವಿಷಯ. ಕಾಲೇಜಿನ ಮೌಲ್ವಿ ಸಾಹೇಬರು ಮುಸ್ಲಿಂ ವಿದ್ಯಾರ್ಥಿಗಳನ್ನು ಒಳಗೆ ಕರೆತರಲು ನೋಡಿದರು, ಆಗಲಿಲ್ಲ. ಆಮೇಲೆ ಬಂದವರು ಹುಡುಗರಿಗೆ ಬಹಳ ಬೇಕಾದವರು: ರಸಾಯನಶಾಸ್ತ್ರದ ಪ್ರಫುಲ್ಲಚಂದ್ರ ರಾಯರು ಮತ್ತು ಡಿ.ಎನ್. ಮಲ್ಲಿಕ್ ಅವರು. ಇಬ್ಬರೂ ಹುಡುಗರನ್ನು ಬೇಡಿಕೊಂಡರು, ತರಗತಿಗೆ ಬನ್ನಿ ಎಂದರು. ಹುಡುಗರು ಅವರ ಮಾತನ್ನೂ ಕೇಳಲಿಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಪ್ರಫುಲ್ಲಚಂದ್ರ ರಾಯರು ಎಂಥವರು ಎಂಬುದು ನಮಗೆ ಗೊತ್ತು. ಬೆಂಗಾಲ್ ಕೆಮಿಕಲ್ಸ್ ಕಟ್ಟಿದವರು, ಸಂಬಳವನ್ನೆಲ್ಲ ಹುಡುಗರ ಓದಿಗೆ ಸುರಿದವರು, ಪಾಠ ಮಾಡಿಯೇ ಒಂದು ತಲೆಮಾರಿನ ವಿಜ್ಞಾನಿಗಳನ್ನು ಬೆಳೆಸಿದವರು. ಅವರ ಒಳ್ಳೆಯತನದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೂ ಆ ದಿನ ಅವರು ಮಾತಾಡಿದ್ದು ಯಾರ ಜೊತೆ? ನೂಕಿಸಿಕೊಂಡವರ ಜೊತೆ. ನೂಕಿದವರ ಹತ್ತಿರ ಹೋಗಿ ಅವರು ಏನಾದರೂ ಹೇಳಿದರೆಂಬ ಮಾತು ಸುಭಾಷರ ಬರಹದಲ್ಲಿ ಇಲ್ಲ. ಕಾಲವೂ ಹಾಗೇ ಇತ್ತು ಅನ್ನಿ. ಓಟನ್ ಬಿಳಿಯರು, ಅಧಿಕಾರ ಅವರ ಕಡೆಗಿತ್ತು, ಭಾರತೀಯ ಪ್ರೊಫೆಸರ್ ಎಷ್ಟೇ ದೊಡ್ಡವರಾದರೂ ಸರ್ಕಾರದ ಕಣ್ಣಿನಲ್ಲಿ ಒಂದು ಮೆಟ್ಟಿಲು ಕೆಳಗೆ. ಹಾಗಿದ್ದರೂ, ಒಳ್ಳೆಯ ಮೇಷ್ಟ್ರುಗಳು ಸಮಾಧಾನ ಹೇಳಲು ಯಾವ ಕಡೆ ತಿರುಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಕೊನೆಗೆ ಓಟನ್ ಅವರೇ ಪ್ರತಿನಿಧಿಗಳನ್ನು ಕರೆದು ಮಾತಾಡಿದರು. ಆದದ್ದು ಆಯಿತು, ಎರಡೂ ಕಡೆಯವರು ಮರೆಯೋಣ ಎಂದು ರಾಜಿಯಾಯಿತು. ಹುಡುಗರು ತರಗತಿಗೆ ಮರಳಿದರು. ಆದರೆ ಮುಷ್ಕರ ಮಾಡಿದವರ ಮೇಲೆ ಪ್ರಿನ್ಸಿಪಾಲರು ಹಾಕಿದ್ದ ಜುಲ್ಮಾನೆ ಮಾತ್ರ ಹಾಗೇ ಉಳಿಯಿತು. ಪ್ರೊಫೆಸರರು ಮರೆತರು, ಹುಡುಗರು ಮರೆತರು, ಆಫೀಸು ಮರೆಯಲಿಲ್ಲ! ಆ ದುಡ್ಡಿನ ಕಹಿ ಎಲ್ಲರಲ್ಲೂ ಉಳಿದಿತ್ತು ಎಂದು ಸುಭಾಷರು ಬರೆಯುತ್ತಾರೆ.

ಒಂದು ತಿಂಗಳು ಕಳೆಯಿತು. ಓಟನ್ ಮತ್ತೆ ಕೈ ಮಾಡಿದರು, ಈ ಸಲ ಮೊದಲನೇ ವರ್ಷದ ಒಬ್ಬ ಹುಡುಗನ ಮೇಲೆ. ಮುಷ್ಕರ ಮಾಡಿದರೆ ಶಿಕ್ಷೆ, ದೂರು ಕೊಟ್ಟರೆ ಪ್ರಯೋಜನವಿಲ್ಲ ಎಂದು ತಿಳಿದುಕೊಂಡಿದ್ದ ಕೆಲವರು ಫೆಬ್ರವರಿ 15ರಂದು ಓಟನ್ ಅವರನ್ನು ಕಾಲೇಜಿನೊಳಗೇ ಸುತ್ತುಗಟ್ಟಿ ಹೊಡೆದರು. ಹೊಡೆದದ್ದನ್ನು ನಾನು ಒಪ್ಪುವುದಿಲ್ಲ. ಗುಂಪು ಕಟ್ಟಿಕೊಂಡು ಒಬ್ಬ ಮನುಷ್ಯನನ್ನು ಬಡಿಯುವುದು ಧೈರ್ಯವೂ ಅಲ್ಲ, ದೇಶಭಕ್ತಿಯೂ ಅಲ್ಲ. ಆದರೆ ಅಲ್ಲಿಯವರೆಗೆ ಎಷ್ಟು ಬಾಗಿಲು ತಟ್ಟಿಯಾಗಿತ್ತು ಎಂಬುದನ್ನು ಬಿಟ್ಟು ಬರೀ ಹೊಡೆತವನ್ನು ಹೇಳುವುದು ಅರ್ಧ ಕಥೆ.

ಮುಂದಿನದು ಚುಟುಕಾಗಿ ಹೇಳುತ್ತೇನೆ. ಸರ್ಕಾರ ಕಾಲೇಜನ್ನೇ ಮುಚ್ಚಿಸಿತು, ಸರ್ ಆಶುತೋಷ್ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಶಿಕ್ಷಣ ಖಾತೆಯ ಸದಸ್ಯರ ಜೊತೆ ಜಗಳವಾಡಿ ಅವಮಾನ ಮಾಡಿದರೆಂದು ಪ್ರಿನ್ಸಿಪಾಲ್ ಜೇಮ್ಸ್ ಅವರೇ ಅಮಾನತ್ತಾದರು. ಆದರೆ ಅಧಿಕಾರ ಕೈತಪ್ಪುವ ಮೊದಲು ತಮ್ಮ ಪಟ್ಟಿಯಲ್ಲಿದ್ದ ಹುಡುಗರನ್ನು ಕರೆಸಿ, ಕಾಲೇಜಿನಲ್ಲಿ ಅತಿ ಹೆಚ್ಚು ತೊಂದರೆ ಕೊಡುವವನು ನೀನೇ ಎಂದು ಸುಭಾಷರನ್ನು ಹೊರಗೆ ಕಳಿಸಿದ್ದರು. ಸುಭಾಷರು ಅಲ್ಲಿದ್ದುದನ್ನು ಕಂಡೆ ಎಂದು ಹೇಳಿದವನು ಕಾಲೇಜಿನ ಒಬ್ಬ ಜವಾನ. ಸಮಿತಿಯ ಮುಂದೆ ಸುಭಾಷರನ್ನು ನೇರವಾಗಿ ಕೇಳಿದರು, ಹೊಡೆದದ್ದು ಸರಿಯೇ? ಅವರ ಉತ್ತರ: ಸರಿಯಲ್ಲ, ಆದರೆ ಹುಡುಗರನ್ನು ತುಂಬ ಕೆಣಕಲಾಗಿತ್ತು. ಇಷ್ಟಕ್ಕೇ ನಿಲ್ಲಿಸದೆ, ಪ್ರೆಸಿಡೆನ್ಸಿಯಲ್ಲಿ ಹಿಂದಿನ ಕೆಲವು ವರ್ಷಗಳಲ್ಲಿ ಇಂಗ್ಲಿಷ್ ಅಧ್ಯಾಪಕರು ನಡೆದುಕೊಂಡ ರೀತಿಯನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋದರು. ಅಂದರೆ ಹುಡುಗರ ಹತ್ತಿರ ಪಟ್ಟಿ ಇತ್ತು. ಹುಡುಗರಿಗೆ ಗೊತ್ತಿದ್ದದ್ದು ಅದೇ ಕಟ್ಟಡದಲ್ಲಿ ದಿನವೂ ಓಡಾಡುವ ಅಧ್ಯಾಪಕರಿಗೆ ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ. ಸಮಿತಿಯ ವರದಿಯಲ್ಲಿ ವಿದ್ಯಾರ್ಥಿಗಳ ಪರವಾಗಿ ಒಂದು ಮಾತೂ ಇರಲಿಲ್ಲ ಎಂಬುದು ಸುಭಾಷರ ಕೊರಗು. 1917ರಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜಿಗೆ ಸೇರುವವರೆಗೂ ಅವರ ಓದು ನಿಂತೇ ಹೋಗಿತ್ತು.

ಓಟನ್ ಏನಾದರು? ಮುಂದೆ ಬಂಗಾಳದ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. ಇಡೀ ಪ್ರಾಂತದ ಶಾಲೆ ಕಾಲೇಜುಗಳು ಅವರ ಕೈಕೆಳಗೆ ಬಂದವು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸುಭಾಷರು ತೀರಿಕೊಂಡ ಸುದ್ದಿ ಬಂದ ಮೇಲೆ ಅದೇ ಓಟನ್ ಅವರ ನೆನಪಿಗೆ ಒಂದು ಕವಿತೆ ಬರೆದರು, ಹಳೆಯದನ್ನು ಮರೆಯುವ ಮನಸ್ಸಿನಿಂದ ಬರೆದರು. ಮನುಷ್ಯ ಪೂರ್ತಿ ಕೆಟ್ಟವನೇನಲ್ಲ. ಕಾಟ ಕೊಡುವ ಮೇಷ್ಟ್ರುಗಳು ರಾಕ್ಷಸರಾಗಿಯೇ ಇರುತ್ತಾರೆ ಎಂದುಕೊಂಡರೆ ಅವರನ್ನು ಗುರುತಿಸಲಿಕ್ಕೇ ಆಗುವುದಿಲ್ಲ.

1916ರ ಆ ಗಲಾಟೆಯ ಮೇಲೆ ದೇಶದಲ್ಲಿ ಬಹಳ ಜನ ಅಧ್ಯಾಪಕರ ಪರವಾಗಿಯೇ ಮಾತಾಡಿದರು. ಗುರುವಿನ ಮೇಲೆ ಕೈ ಮಾಡುವುದೆಂದರೇನು! ಅಂಥ ಹೊತ್ತಿನಲ್ಲಿ ಬೇರೆ ರಾಗ ಹಾಡಿದವರು ರವೀಂದ್ರನಾಥ ಠಾಕೂರರು. ಅದೇ ವರ್ಷ ಬಂಗಾಳಿಯಲ್ಲಿ ಒಂದು ಲೇಖನ ಬರೆದರು, ಅದು ಇಂಗ್ಲಿಷಿನಲ್ಲಿ ಮಾಡರ್ನ್ ರಿವ್ಯೂ ಪತ್ರಿಕೆಯಲ್ಲೂ ಬಂತು. ಜೈಲಿನ ಅಧಿಕಾರಿಯಾಗಲು, ಸಿಪಾಯಿಗಳಿಗೆ ಕವಾಯತು ಮಾಡಿಸಲು ಲಾಯಕ್ಕಾದವರನ್ನು ಹರೆಯದ ಹುಡುಗರ ಮೇಲೆ ನೇಮಿಸಬೇಡಿ ಎಂಬುದು ಅದರ ಒಟ್ಟು ಅಭಿಪ್ರಾಯ.

ಠಾಕೂರರು ಇದನ್ನು ಪುಸ್ತಕ ಓದಿ ಬರೆದದ್ದಲ್ಲ. ಚಿಕ್ಕಂದಿನಲ್ಲಿ ಕಲ್ಕತ್ತೆಯ ನಾರ್ಮಲ್ ಸ್ಕೂಲಿನಲ್ಲಿ ಅವರಿಗೊಬ್ಬ ಪಂಡಿತರಿದ್ದರು. ಬಾಯಿ ತೆರೆದರೆ ಹೊಲಸು ಮಾತು. ಹುಡುಗ ರವಿ ಒಂದು ನಿರ್ಧಾರ ಮಾಡಿದ: ಈ ಮನುಷ್ಯ ಕೇಳುವ ಯಾವ ಪ್ರಶ್ನೆಗೂ ಉತ್ತರ ಹೇಳುವುದಿಲ್ಲ. ವರ್ಷವಿಡೀ ತರಗತಿಯ ಕೊನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತ. ವರ್ಷದ ಕೊನೆಗೆ ಬಂಗಾಳಿ ಪರೀಕ್ಷೆ ನಡೆಸಲು ಮಧುಸೂದನ ವಾಚಸ್ಪತಿ ಎಂಬವರು ಬಂದರು. ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ಆ ಮೂಕ ಹುಡುಗನಿಗೆ. ತರಗತಿಯ ಪಂಡಿತರು ಸುಮ್ಮನಿರಲಿಲ್ಲ. ಪರೀಕ್ಷಕರು ಪಕ್ಷಪಾತ ಮಾಡಿದ್ದಾರೆಂದು ಮೇಲಿನವರಿಗೆ ದೂರಿತ್ತರು. ಮರುಪರೀಕ್ಷೆಯಾಯಿತು, ಈ ಸಲ ಪರೀಕ್ಷಕರ ಪಕ್ಕದಲ್ಲಿ ಶಾಲೆಯ ಸೂಪರಿಂಟೆಂಡೆಂಟರೇ ಕುರ್ಚಿ ಹಾಕಿಕೊಂಡು ಕೂತರು. ರವಿಗೆ ಈ ಸಲವೂ ಮೇಲಿನ ಸ್ಥಾನ.

ತಮ್ಮ ನೆನಪುಗಳ ಪುಸ್ತಕದಲ್ಲಿ ಠಾಕೂರರು ಇದನ್ನು ಅರ್ಧ ನಗುತ್ತಾ ಹೇಳಿಕೊಂಡು ಹೋಗುತ್ತಾರೆ. ನನಗೆ ಮಾತ್ರ ಆ ಸೂಪರಿಂಟೆಂಡೆಂಟರ ಕುರ್ಚಿಯೇ ಕಣ್ಣಿಗೆ ಕಟ್ಟುತ್ತದೆ. ತರಗತಿಗೆ ಮೊದಲಿಗನಾಗಬಲ್ಲ ಹುಡುಗ ಒಂದು ವರ್ಷ ಪೂರ್ತಿ ಬಾಯಿ ಬಿಡಲಿಲ್ಲ ಎಂಬುದು ಆ ದಿನ ಎಲ್ಲರ ಮುಂದೆ ಬಯಲಾಗಿತ್ತು. ಯಾಕಪ್ಪಾ ಹೀಗೆ ಎಂದು ಯಾರಾದರೂ ಕೇಳಿದರೋ? ಇಲ್ಲ. ಅನುಮಾನ ಬಂದದ್ದು ಪರೀಕ್ಷಕರ ಮೇಲೆ. ಕುರ್ಚಿ ಹಾಕಿದ್ದು ಅವರನ್ನು ಕಾಯಲಿಕ್ಕೆ. ವರ್ಷವಿಡೀ ಆ ತರಗತಿಯಲ್ಲಿ ಏನು ನಡೆಯಿತೆಂದು ನೋಡಲು ಯಾರೂ ಕುರ್ಚಿ ಹಾಕಲಿಲ್ಲ.

1891ರಲ್ಲಿ ಠಾಕೂರರು ‘ಗಿನ್ನಿ’ ಎಂಬ ಸಣ್ಣ ಕಥೆ ಬರೆದರು. ಗಿನ್ನಿ ಅಂದರೆ ಬಂಗಾಳಿಯಲ್ಲಿ ಮನೆಯ ಯಜಮಾನಿ. ಅದರಲ್ಲಿ ಬರುವ ಶಿವನಾಥ ಪಂಡಿತರಿಗೆ ಹುಡುಗರಿಗೆ ಅಡ್ಡಹೆಸರಿಡುವ ಚಟ. ಆಶು ಎಂಬ ನಾಚಿಕೆ ಸ್ವಭಾವದ ಹುಡುಗ ರಜೆಯ ದಿನ ತಂಗಿಯ ಜೊತೆ ಬೊಂಬೆಯಾಟ ಆಡುತ್ತಿರುತ್ತಾನೆ. ಮಳೆಗೆ ಸಿಕ್ಕಿದ ಪಂಡಿತರು ಅವರ ಮನೆಯ ಮುಂದೆಯೇ ನಿಂತವರು ಅದನ್ನು ನೋಡಿಬಿಡುತ್ತಾರೆ. ಮಾರನೇ ದಿನ ತರಗತಿಯಲ್ಲಿ ಆಶುವಿಗೆ ‘ಗಿನ್ನಿ’ ಎಂದು ನಾಮಕರಣವಾಗುತ್ತದೆ. ಹುಡುಗರೆಲ್ಲ ಕೂಗಾಡುತ್ತಾರೆ. ಒಂದು ಏಟೂ ಬೀಳದೆ ಒಂದು ಮಗುವಿನ ಜಗತ್ತು ಮುಳುಗಿಹೋಗುತ್ತದೆ. ಅಡ್ಡಹೆಸರು ತಮಾಷೆಯಲ್ಲವೇ ಎನ್ನುವವರು ಆ ಕಥೆಯನ್ನು ಒಮ್ಮೆ ಓದಬೇಕು.

ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಶಿಕ್ಷಕರ ದಿನಾಚರಣೆಯ ಹೊತ್ತಿಗೆ ಪತ್ರಗಳು ಬರುತ್ತವಲ್ಲ, ಅವುಗಳಲ್ಲಿ ನೂರಕ್ಕೆ ತೊಂಬತ್ತು ಪ್ರೀತಿಯ ಪತ್ರಗಳು. ಫೀಸು ಕಟ್ಟಿದ ಮೇಷ್ಟ್ರು, ಊಟ ಹಾಕಿದ ಟೀಚರಮ್ಮ. ಓದುವಾಗ ನಮ್ಮ ದನಿಯೂ ಒದ್ದೆಯಾಗುತ್ತದೆ. ಆದರೆ ಒಮ್ಮೆ ಬೇರೆ ಥರದ ಒಂದು ಪತ್ರ ಬಂತು. ಬರೆದವರು ಚಿಕ್ಕಂದಿನಲ್ಲಿ ಊರು ಬಿಟ್ಟು ಮುಂಬೈಗೆ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋದವರು. ಗಣಿತದ ಮೇಷ್ಟ್ರು ಇವರನ್ನು ಹಾಜರಿಯಲ್ಲೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. ‘ಕಪ್ಪು-ಬಶಿ’ ಎನ್ನುತ್ತಿದ್ದರಂತೆ. ಎರಡು ವರ್ಷ, ದಿನಾ. ಪತ್ರದ ಕೊನೆಯಲ್ಲಿ ಅವರು ಬರೆದಿದ್ದರು: ಆ ಮೇಷ್ಟ್ರ ಮುಖ ಈಗ ನೆನಪಿಲ್ಲ, ಆದರೆ ಬಾಗಿಲಲ್ಲಿ ನಿಂತು ಅದನ್ನು ಕೇಳಿ ನಕ್ಕ ಇನ್ನೊಬ್ಬ ಮೇಷ್ಟ್ರ ಮುಖ ಮರೆತಿಲ್ಲ, ಯಾಕೆಂದರೆ ಅವರು ತುಂಬ ಒಳ್ಳೆಯವರಾಗಿದ್ದರು. ಆ ಪತ್ರವನ್ನು ನಾವು ಪ್ರಸಾರ ಮಾಡಲಿಲ್ಲ, ಬರೆದವರೇ ಬೇಡ ಎಂದಿದ್ದರು.

ಆ ನಕ್ಕವರು ಏನೆಂದುಕೊಂಡಿರಬಹುದು? ಊಹಿಸುವುದು ಕಷ್ಟವಲ್ಲ. ಸ್ಟಾಫ್ ರೂಮುಗಳಿಗೆ ತಮ್ಮದೇ ಒಂದು ಭಾಷೆ ಇದೆ. ‘ಅವರು ಸ್ವಲ್ಪ ಸ್ಟ್ರಿಕ್ಟು’, ‘ಅವರ ಕ್ಲಾಸಿನಲ್ಲಿ ಒಬ್ಬನೂ ಉಸಿರೆತ್ತಲ್ಲ’, ‘ಬಾಯಿ ಜೋರು, ಮನಸ್ಸು ಬೆಣ್ಣೆ’, ‘ರಿಸಲ್ಟು ನೋಡಿ ಹೇಗಿದೆ!’ ಇದಕ್ಕೆ ನಮ್ಮ ಹಳೆಯ ಸಂಪ್ರದಾಯದ ಬೆಂಬಲವೂ ಉಂಟು. ದಂಡಂ ದಶಗುಣಂ ಭವೇತ್ ಎಂದು ಹೇಳಿಕೊಂಡು ಬಂದ ನಾಡು ನಮ್ಮದು. ಕೂಲಿಮಠಗಳ ಕಾಲದಲ್ಲಿ ಹುಡುಗನ ಕೈಗಳನ್ನು ಹಗ್ಗಕ್ಕೆ ಕಟ್ಟಿ ತೊಲೆಗೆ ನೇತುಹಾಕುವ ಶಿಕ್ಷೆಗೆ ‘ಕೋದಂಡ’ ಎಂಬ ಗಂಭೀರ ಹೆಸರು ಬೇರೆ. ‘ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ ಸಾರ್’ ಎಂದು ಅಪ್ಪನೇ ಹೇಳಿ ಬಿಟ್ಟುಹೋಗುತ್ತಿದ್ದ. ಹಾಗಿರುವಾಗ ಪಕ್ಕದ ಕೋಣೆಯ ಮೇಷ್ಟ್ರು ಬಂದು ಯಾಕೆ ಹೊಡೆಯುತ್ತೀರಿ ಎಂದು ಕೇಳುವುದು ಹೇಗೆ? ಶಿಸ್ತು ಎಲ್ಲಿಗೆ ಮುಗಿಯಿತು, ಕಾಟ ಎಲ್ಲಿಂದ ಶುರುವಾಯಿತು ಎಂಬ ಗೆರೆ ಮಗುವಿಗೆ ಮಾತ್ರ ಕಾಣುತ್ತದೆ.

ಶಾಲೆಯ ಕಟ್ಟಳೆಯೇ ಕಾಟವಾಗಿದ್ದರೆ ಆ ಗೆರೆ ಇನ್ನೂ ಮಸಕು. ಡಾ. ಅಂಬೇಡ್ಕರರು ಸಾತಾರದ ಶಾಲೆಯ ದಿನಗಳನ್ನು ತಾವೇ ಬರೆದಿಟ್ಟಿದ್ದಾರೆ. ತರಗತಿಯ ಮೂಲೆಯಲ್ಲಿ, ಎಲ್ಲರಿಂದ ದೂರ, ಒಂದು ಗೋಣಿತಟ್ಟಿನ ಮೇಲೆ ಅವರು ಕೂರಬೇಕಿತ್ತು. ಶಾಲೆಯ ಕಸ ಗುಡಿಸುವ ಆಳು ಕೂಡ ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ಸಂಜೆ ಅದನ್ನು ಸುತ್ತಿಕೊಂಡು ಮನೆಗೆ ಒಯ್ಯಬೇಕು, ಬೆಳಿಗ್ಗೆ ಮತ್ತೆ ತರಬೇಕು. ಬಾಯಾರಿದರೆ ಮಿಕ್ಕ ಮಕ್ಕಳ ಹಾಗೆ ನಲ್ಲಿಗೆ ಕೈ ಹಾಕುವಂತಿಲ್ಲ. ಮೇಷ್ಟ್ರ ಅನುಮತಿ ಸಿಕ್ಕರೂ ಸಾಲದು, ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಬರದ ದಿನ ನೀರಿಲ್ಲ.

ಅಲ್ಲಿ ಕ್ರೂರಿ ಎಂದು ಬೆರಳು ತೋರಿಸಲು ಒಬ್ಬ ಮೇಷ್ಟ್ರು ಸಿಗುವುದಿಲ್ಲ. ಬದಲಿಗೆ ಜೀವನಚರಿತ್ರೆಗಳಲ್ಲಿ ಇಬ್ಬರು ಒಳ್ಳೆಯವರು ಸಿಗುತ್ತಾರೆ. ಒಬ್ಬರು, ಅಂಬೇಡ್ಕರ್ ಎಂಬ ಹೆಸರಿನವರೇ, ದಿನವೂ ತಮ್ಮ ಬುತ್ತಿಯಲ್ಲಿ ಪಾಲು ತೆಗೆದು ಹುಡುಗ ಭೀಮನಿಗೆ ಕೊಡುತ್ತಿದ್ದರು. ಇನ್ನೊಬ್ಬರು ಪೆಂಡ್ಸೆ, ಮಳೆಯಲ್ಲಿ ತೊಯ್ದು ಬಂದ ಹುಡುಗನನ್ನು ತಮ್ಮ ಮನೆಗೆ ಕಳಿಸಿ ಬಿಸಿನೀರು, ಒಣಬಟ್ಟೆ ಕೊಡಿಸಿದರು. ಆ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ. ಬಾಬಾಸಾಹೇಬರು ಆ ಪ್ರೀತಿಯನ್ನು ಕೊನೆಯವರೆಗೂ ನೆನೆದರು. ಆದರೆ ಬುತ್ತಿ ಸಿಕ್ಕ ದಿನವೂ ಗೋಣಿತಟ್ಟು ಅದೇ ಮೂಲೆಯಲ್ಲಿತ್ತು.

ಮುಂಬೈಗೆ ಬಂದು ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಸೇರಿದ ಮೇಲೂ ಹೆಚ್ಚೇನೂ ಬದಲಾಗಲಿಲ್ಲ. ಅದು ಸರ್ಕಾರಿ ಶಾಲೆ, ನಮ್ಮದೇ ಮಹಾನಗರದ ನಡುವೆ. ಒಂದು ದಿನ ಮೇಷ್ಟ್ರು ಲೆಕ್ಕ ಬಿಡಿಸಲು ಭೀಮರಾವನನ್ನು ಕರಿಹಲಗೆಯ ಹತ್ತಿರ ಕರೆದರು. ಹಲಗೆಯ ಹಿಂದೆ ಹುಡುಗರ ಊಟದ ಡಬ್ಬಿಗಳಿದ್ದವು. ಕೂಗುತ್ತಾ ಎದ್ದು ಓಡಿದ ಹುಡುಗರು ತಮ್ಮ ತಮ್ಮ ಡಬ್ಬಿಗಳನ್ನು ಎತ್ತಿ ಬದಿಗೆ ಹಾಕಿದರು. ಅದಾದ ಮೇಲೆಯೇ ಭೀಮರಾವ್ ಹಲಗೆ ಮುಟ್ಟಿದ್ದು. ಸಂಸ್ಕೃತ ಕಲಿಯುವ ಆಸೆ ಇತ್ತು, ಅಸ್ಪೃಶ್ಯರ ಮಕ್ಕಳಿಗೆ ಕಲಿಸಲು ಸಂಸ್ಕೃತದ ಮೇಷ್ಟ್ರು ಒಪ್ಪಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಶಾಲೆ ಸರ್ಕಾರದ್ದು, ಸಂಬಳ ಸರ್ಕಾರದ್ದು, ಒಬ್ಬ ಮೇಷ್ಟ್ರು ಒಬ್ಬ ವಿದ್ಯಾರ್ಥಿಗೆ ಪಾಠ ಹೇಳುವುದಿಲ್ಲ ಎಂದರು, ಹುಡುಗ ವಿಷಯ ಬದಲಿಸಿದ. 1907ರಲ್ಲಿ ಮೆಟ್ರಿಕ್ ಪಾಸಾದ. ಸಂಸ್ಕೃತವನ್ನು ಅವರು ದೊಡ್ಡವರಾದ ಮೇಲೆ ತಾವೇ ಕಲಿಯಬೇಕಾಯಿತು.

ಇನ್ನು ಕಾನೂನಿನ ಮಾತು. ಶಾರೀರಿಕ ಶಿಕ್ಷೆಯನ್ನು ಶಿಕ್ಷಣದಿಂದ ಪೂರ್ತಿ ದೂರವಿಡಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತ್ತು. ಆದರೂ ದೆಹಲಿಯ ಶಾಲೆಗಳಿಗೆ 1973ರಲ್ಲಿ ಮಾಡಿದ್ದ ನಿಯಮಗಳಲ್ಲಿ ಬೆತ್ತ ಹಾಗೇ ಕೂತಿತ್ತು. ಮುಖ್ಯೋಪಾಧ್ಯಾಯರು ಅಂಗೈ ಮೇಲೆ ಹತ್ತು ಏಟಿನವರೆಗೆ ಕೊಡಬಹುದು, ಕೊಟ್ಟದ್ದನ್ನು ನಡತೆಯ ರಿಜಿಸ್ಟರಿನಲ್ಲಿ ಬರೆದಿಡಬೇಕು! ಪೋಷಕರ ಒಂದು ಸಂಘಟನೆ ಕೋರ್ಟಿಗೆ ಹೋಯಿತು. 2000ದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿತು. ಮಗುವಿಗೂ ಮಾನದಿಂದ ಬದುಕುವ ಹಕ್ಕಿದೆ ಎಂಬುದೇ ತೀರ್ಪಿನ ಬುನಾದಿ. ದೂರು ಹಿಡಿದು ಹೋದವರು ತಂದೆತಾಯಿಗಳು ಎಂಬುದನ್ನು ಗಮನಿಸಿ.

ಏಳು ವರ್ಷದ ನಂತರ, 2007ರಲ್ಲಿ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಶಾಲೆಗೆ ಹೋಗುವ ಮಕ್ಕಳಲ್ಲಿ ಮೂವರಲ್ಲಿ ಇಬ್ಬರು ಏಟು ತಿಂದಿದ್ದರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಮಕ್ಕಳನ್ನು ಕೇಳಿದ್ದಾಯಿತು, ಮೇಷ್ಟ್ರುಗಳನ್ನೇ ಕೇಳಿದರೆ? ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯ ಸ್ಟುವರ್ಟ್ ಟ್ವೆಮ್ಲೋ ಮತ್ತು ಸಂಗಡಿಗರು ಆ ಕೆಲಸ ಮಾಡಿದರು. ಮೊದಲು ವ್ಯಾಖ್ಯೆಯನ್ನು ಬಿಗಿ ಮಾಡಿಕೊಂಡರು: ಶಿಸ್ತಿಗೆ ಎಷ್ಟು ಬೇಕೋ ಅದನ್ನು ಮೀರಿ ಮಗುವನ್ನು ಶಿಕ್ಷಿಸಲು, ಆಡಿಸಲು, ಹೀನಾಯ ಮಾಡಲು ತನ್ನ ಅಧಿಕಾರ ಬಳಸುವವನೇ ಕಾಟದ ಮೇಷ್ಟ್ರು. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 15 ಪ್ರಾಥಮಿಕ ಶಾಲೆಗಳ 214 ಮೇಷ್ಟ್ರುಗಳು ಹೆಸರು ಬರೆಯದೆ ಪ್ರಶ್ನಾವಳಿ ತುಂಬಿದ್ದರು. 2006ರದ್ದರಲ್ಲಿ 7 ಶಾಲೆಗಳ 116 ಮಂದಿ. ಹೌದು, ನಾನೂ ಒಂದಲ್ಲ ಒಂದು ಸಲ ವಿದ್ಯಾರ್ಥಿಗೆ ಕಾಟ ಕೊಟ್ಟಿದ್ದೇನೆ ಎಂದು ಒಪ್ಪಿದವರು ಈ ಎರಡನೆಯ ಗುಂಪಿನಲ್ಲಿ ನೂರಕ್ಕೆ 45.

ಆ 45ಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲ ಅಧ್ಯಯನದ ಇನ್ನೊಂದು ಭಾಗ. ಹುಡುಗರನ್ನು ಹೆಚ್ಚಾಗಿ ಅಮಾನತು ಮಾಡುವ ಶಾಲೆಗಳ ಮೇಷ್ಟ್ರುಗಳು ಕಾಟ ಕೊಡುವ ಸಹೋದ್ಯೋಗಿಗಳನ್ನು ಹೆಚ್ಚು ಕಂಡಿದ್ದರು. ಹಿಂದಿನ ಮೂರು ವರ್ಷಗಳಲ್ಲಿ ಅಂಥವರ ಜೊತೆ ಕೆಲಸ ಮಾಡಿದ್ದರು, ಹಿಂದಿನ ಒಂದು ವರ್ಷದಲ್ಲಿ ಕಣ್ಣಾರೆ ನೋಡಿದ್ದರು. ತಾವೂ ಹೆಚ್ಚು ಕಾಟ ಕೊಟ್ಟಿದ್ದರು. ತಾವು ಹುಡುಗರಾಗಿದ್ದಾಗ ತಾವೇ ಹೆಚ್ಚು ಕಾಟ ತಿಂದಿದ್ದರು. ಅಂದರೆ ಆ ಶಾಲೆಗಳಲ್ಲಿ ಹುಡುಗರು ಪುಂಡರು ಎಂದು ಹೊರಗೆ ಹಾಕಿದ ಲೆಕ್ಕವನ್ನು ಓದುವಾಗ ಒಳಗೆ ಯಾರಿದ್ದರು ಎಂಬುದನ್ನೂ ಕೇಳಬೇಕಾಗುತ್ತದೆ. ಹೆಸರು ಬರೆಯಬೇಕಿಲ್ಲ ಎಂದಾಗ ಮೇಷ್ಟ್ರುಗಳು ಇಷ್ಟನ್ನೆಲ್ಲ ಸಲೀಸಾಗಿ ಹೇಳಿದರು. ಗುಟ್ಟಾಗಿ ಉಳಿದಿದ್ದದ್ದು ಯಾವುದೂ ಇರಲಿಲ್ಲ.

ನಮ್ಮಲ್ಲಿ ಈಗ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಕಲಮು ಏಟಿನ ಜೊತೆಗೆ ಮಾನಸಿಕ ಕಿರುಕುಳವನ್ನೂ ಸೇರಿಸಿ ನಿಷೇಧಿಸಿದೆ. ‘ಗಿನ್ನಿ’ಯೂ ‘ಕಪ್ಪು-ಬಶಿ’ಯೂ ಈಗ ಕಾನೂನಿನ ಒಳಗೆ ಬಂದವು ಎನ್ನೋಣ. ಆದರೆ ಅದೇ ಕಲಮಿನ ಎರಡನೇ ಭಾಗ ನೋಡಿ: ತಪ್ಪು ಮಾಡಿದವರ ಮೇಲೆ ಅವರಿಗೆ ಅನ್ವಯವಾಗುವ ಸೇವಾ ನಿಯಮಗಳ ಪ್ರಕಾರ ಶಿಸ್ತಿನ ಕ್ರಮ. ಪ್ರಿನ್ಸಿಪಾಲ್ ಜೇಮ್ಸ್ ಅವರ ಬಾಯಲ್ಲಿ ಅಡ್ಡಗೋಡೆಯಾಗಿದ್ದ ‘ಸರ್ವಿಸು’ ಇಲ್ಲಿ ಪರಿಹಾರವಾಗಿ ಬಂದು ಕೂತಿದೆ. ಇನ್ನು, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆ ತಿಳಿದವರೆಲ್ಲ ತಿಳಿಸಲೇಬೇಕು, ಸುಮ್ಮನಿದ್ದರೆ ಅದೇ ಅಪರಾಧ ಎನ್ನುತ್ತದೆ. 17ನೇ ಕಲಮಿನಲ್ಲಿ ಪಕ್ಕದ ಕೋಣೆಯ ಮೇಷ್ಟ್ರ ಬಗ್ಗೆ ಒಂದಕ್ಷರವೂ ಇಲ್ಲ. ಗೋಡೆಯ ಆಚೆಯಿಂದ ಕೇಳಿಸಿಕೊಂಡ ಅವರು ದೂರು ಬರೆಯಬೇಕೆಂದರೆ ತಮ್ಮದೇ ಹೆಸರು ಹಾಕಿ, ಸಹಿ ಮಾಡಿ, ಅದೇ ಆಫೀಸಿಗೆ ಕೊಟ್ಟು, ಮಧ್ಯಾಹ್ನ ಅದೇ ಮೇಜಿನ ಎದುರು ಕೂತು ಬುತ್ತಿ ಬಿಚ್ಚಬೇಕು.